ಅಂತರಿಕ್ಷಕ್ಕೆ ಅವ್ವನ ಬುಟ್ಟಿ

ಮಕ್ಕಳಿಗೆ ಮಾತು ಕೊಡುವುದು ಸುಲಭ. ಕೊಟ್ಟ ಮಾತನ್ನು ಕತ್ತರಿಸಿ, ಅಂಟು ಹಚ್ಚಿ, ಒಣಗಿಸಿ, ಅವರ ತಲೆಗೆ ಸರಿಹೊಂದುವಂತೆ ಮಾಡಿಕೊಡುವುದು ಕಷ್ಟ. ಕೈಯಲ್ಲಿ ಕಸುಬಿರುವ ಅಪ್ಪಂದಿರು ಲೋಕದಲ್ಲಿ ಇದ್ದಾರೆ. ಅವರು ಜೋಳದ ದಂಟಿನಲ್ಲಿ ಬಂಡಿ ಮಾಡುತ್ತಾರೆ, ಹಳೇ ಕ್ಯಾಲೆಂಡರಿನಲ್ಲಿ ಗಾಳಿಪಟ ಮಾಡುತ್ತಾರೆ, ಮಕ್ಕಳ ಕಣ್ಣಿಗೆ ದೇವರಾಗಿ ಕಾಣುತ್ತಾರೆ. ನಾನು ಆ ಪೈಕಿ ಅಲ್ಲ. ನಾನು ಮೊಳೆ ಹೊಡೆದರೆ ಮೊಳೆ ನೆಟ್ಟಗೆ ನಿಲ್ಲುತ್ತದೆ, ಗೋಡೆ ಬೀಳುತ್ತದೆ. ಇದರ ಜೊತೆಗೆ ದೇವರು ನನಗೆ ಇನ್ನೊಂದು ಗುಣ ಕೊಟ್ಟಿದ್ದಾನೆ. ಯಾವ ಕೆಲಸವೇ ಇರಲಿ, ಅದು ಆಗುವ ರೀತಿ ನನಗೆ ಕಾಣುವುದಿಲ್ಲ, ಕೆಡುವ ರೀತಿ ಮಾತ್ರ ಮೊದಲೇ ಸ್ವಚ್ಛವಾಗಿ ಕಾಣುತ್ತದೆ. ಮದುವೆಗೆ ಹೊರಟರೆ ಬಸ್ಸು ಕೆಟ್ಟು ನಿಲ್ಲುವುದು ಕಾಣುತ್ತದೆ. ಬಸ್ಸು ಕೆಡದೆ ಮುಟ್ಟಿದರೆ ಅನ್ನ ಸಾಲದೆ ಹೋಗುವುದು ಕಾಣುತ್ತದೆ. ಎರಡೂ ಆಗದಿದ್ದರೆ ಆ ಸಂಬಂಧದಲ್ಲೇ ಏನೋ ಐಬು ಇರಬೇಕೆಂದು ಅನುಮಾನ ಬರುತ್ತದೆ. "ನಿಮ್ಮ ಮಾರಿ ಕಂಡ್ರ ಒಲಿ ಮ್ಯಾಲಿನ ಹಾಲ ಒಡಿತಾವ್ರಿ," ಎಂದು ನನ್ನ ಹೆಂಡತಿ ಶಶಿಕಲಾ ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳುತ್ತಿದ್ದಳು. ಈಗಲೂ ಹೇಳುತ್ತಾಳೆ, ನಗುವುದನ್ನು ಬಿಟ್ಟಿದ್ದಾಳೆ.

ನಾನು ಹೇಳಹೊರಟಿರುವುದು ಎಂಬತ್ತರ ದಶಕದ ಮಾತು. ಆಗ ನಾನು ಜೇವರ್ಗಿಯಲ್ಲಿ ಒಂದು ಸರಕಾರಿ ದಫ್ತರದಲ್ಲಿ ಗುಮಾಸ್ತನಾಗಿದ್ದೆ. ಹೆದ್ದಾರಿಯಿಂದ ಒಂದು ಓಣಿ ಒಳಗೆ ನಮ್ಮ ಬಾಡಿಗೆ ಮನೆ. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಗೋಡೆಯ ಮಾಡದಲ್ಲಿಟ್ಟ ವಿಭೂತಿ ಗಟ್ಟಿ ಅಲುಗಾಡುತ್ತಿತ್ತು. ಮನೆಯಲ್ಲಿ ನಾನು, ಶಶಿಕಲಾ, ನನ್ನ ಅವ್ವ ಮತ್ತು ಮೂರನೆಯ ಇಯತ್ತೆ ಓದುತ್ತಿದ್ದ ಮಗಳು ಕಸ್ತೂರಿ. ನಮ್ಮ ದೇಶದವರೊಬ್ಬರು ಅಂತರಿಕ್ಷಕ್ಕೆ ಹೋಗಿ ಬಂದ ವರ್ಷ ಅದು. ಇಡೀ ದೇಶ ತಲೆ ಎತ್ತಿ ಆಕಾಶ ನೋಡುತ್ತಿತ್ತು. ಜೇವರ್ಗಿಯಲ್ಲಿ ನಾವೂ ತಲೆ ಎತ್ತಿ ಆಕಾಶವನ್ನೇ ನೋಡುತ್ತಿದ್ದೆವು, ಆದರೆ ನಮ್ಮ ಕಾರಣ ಬೇರೆ. ಮೃಗಶಿರ ಮಳೆ ಬರಲಿಲ್ಲ, ಆರಿದ್ರವೂ ಬರಲಿಲ್ಲ. ಮೋಡಗಳು ವಿಜಾಪುರದ ಕಡೆಯಿಂದ ಬಂದು, ನಮ್ಮ ಊರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಇಲ್ಲಿ ಇಳಿಯುವಂಥದ್ದೇನೂ ಇಲ್ಲವೆಂದು ಮುಂದಕ್ಕೆ ಹೋಗುತ್ತಿದ್ದವು.

ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಬೇಸಿಗೆಯಲ್ಲಿ ಕಸ್ತೂರಿಗೆ ಟೈಫಾಯಿಡ್ ಬಂದಿತ್ತು. ಹುಡುಗಿ ಬದುಕಿದಳು. ನಾನಂತೂ ಆ ಭರವಸೆಯನ್ನೂ ಇಟ್ಟುಕೊಂಡಿರಲಿಲ್ಲ, ಹಾಗಾಗಿ ಬದುಕಿದ್ದೇ ಒಂದು ಆಶ್ಚರ್ಯವಾಗಿತ್ತು. ಆದರೆ ಜ್ವರ ಇಳಿದ ಮೇಲೆ ಕೂದಲು ಉದುರಲು ಶುರುವಾಯಿತು. ಅವಳ ಕೂದಲೆಂದರೆ ಅವ್ವನ ಕೈಯ ಆಸ್ತಿ. ದಿನಾ ಮುಂಜಾನೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ನು ಕಟ್ಟಿ, ದೂರ ನಿಂತು ನೋಡಿ ದೃಷ್ಟಿ ತೆಗೆಯುತ್ತಿದ್ದಳು. ಆ ಕೂದಲು ಬಾಚಣಿಕೆಯಲ್ಲಿ ಉಂಡೆ ಉಂಡೆಯಾಗಿ ಬರತೊಡಗಿತು. "ಪೂರಾ ತೆಗಿಸಿಬಿಡ್ರಿ, ದಟ್ಟ ಬರ್ತಾವ," ಎಂದು ಎಲ್ಲರೂ ಹೇಳಿದರು. ತೆಗೆಸಿದೆವು. ಬಂದದ್ದು ತೇಪೆ ತೇಪೆಯಾಗಿ ಬಂತು. ಮತ್ತೆ ತೆಗೆಸಿದೆವು. ಶಾಲೆ ಶುರುವಾದ ದಿನ ಶಶಿಕಲಾ ಮಗಳ ತಲೆಗೆ ಸ್ಕಾರ್ಫ್ ಕಟ್ಟಿ ಕಳಿಸಿದಳು. ಮಧ್ಯಾಹ್ನದ ಬಿಡುವಿನಲ್ಲಿ ಯಾರೋ ಹಿಂದಿನಿಂದ ಸ್ಕಾರ್ಫ್ ಎಳೆದರು. ಹೆಣ್ಣಿನ ಬೋಳು ತಲೆಗೆ ನಮ್ಮ ಕಡೆ ಒಂದು ಬೈಗುಳವಿದೆ. ಅದನ್ನು ನಾನಿಲ್ಲಿ ಬರೆಯಲಾರೆ. ಆ ಮಕ್ಕಳಿಗೆ ಅದರ ಅರ್ಥ ಗೊತ್ತಿರಲಿಲ್ಲ, ಮನೆಯಲ್ಲಿ ಕೇಳಿದ್ದನ್ನು ಅಂದರು. ಕಸ್ತೂರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಮನೆಗೆ ಬಂದವಳೇ ಜೋಳದ ಚೀಲಗಳ ಸಂದಿಯಲ್ಲಿ ಹೋಗಿ ಕುಳಿತಳು. ಮಾರನೆಯ ದಿನ ಶಾಲೆಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ನಾವು ಏನು ಮಾಡಲಿಲ್ಲ? ಶಶಿಕಲಾ ರಮಿಸಿದಳು, ಹೊಡೆದಳು, ಹೊಡೆದದ್ದಕ್ಕೆ ತಾನೇ ಅತ್ತಳು. ಅವ್ವ ಹರಳೆಣ್ಣೆ ತಿಕ್ಕಿ ತಿಕ್ಕಿ ಆ ಪುಟ್ಟ ತಲೆಯನ್ನು ಕಂಚಿನ ತಟ್ಟೆಯ ಹಾಗೆ ಹೊಳೆಯಿಸಿಬಿಟ್ಟಳು. ನಾನು ಹೆಚ್ಚೇನೂ ಮಾಡಲಿಲ್ಲ. ಮೂಲೆಯಲ್ಲಿ ಕುಳಿತು, ಇವಳು ಇನ್ನು ಶಾಲೆಗೆ ಹೋಗುವುದಿಲ್ಲ, ಓದು ನಿಂತುಹೋಗುತ್ತದೆ, ಹೀಗೇ ಚೀಲಗಳ ಸಂದಿಯಲ್ಲಿ ದೊಡ್ಡವಳಾಗುತ್ತಾಳೆ ಎಂದು ಒಂದೊಂದೇ ಮೆಟ್ಟಿಲು ಇಳಿದು ನೋಡುತ್ತಿದ್ದೆ. ಈ ವಿದ್ಯೆಯಲ್ಲಿ ನನಗೆ ಯಾರ ಸಹಾಯವೂ ಬೇಕಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ನಾನು ದಫ್ತರದಿಂದ ತಂದ ಹಳೇ ಪೇಪರುಗಳಲ್ಲಿ ಒಂದು ಫೋಟೋ ಕಂಡಿತು. ಅಂತರಿಕ್ಷಯಾನಿಯ ಫೋಟೋ. ಮೈತುಂಬ ಬಿಳಿ ಉಡುಪು, ತಲೆಗೆ ದುಂಡನೆಯ ಹೆಲ್ಮೆಟ್, ಅದಕ್ಕೊಂದು ಗಾಜಿನ ಕಿಟಕಿ. ಕಸ್ತೂರಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಷ್ಟೋ ವಾರಗಳ ನಂತರ ತಾನಾಗಿ ಒಂದು ಪ್ರಶ್ನೆ ಕೇಳಿದಳು.

"ಅಪ್ಪಾ, ಇದರೊಳಗ ಕೂದಲ ಇದ್ದಾವೋ ಇಲ್ಲೋ ಹೊರಗ ಗೊತ್ತಾಗ್ತದೇನು?"

"ಇಲ್ಲವಾ, ಹೆಂಗ ಗೊತ್ತಾಗ್ತದ?" ಎಂದೆ.

"ಹಂಗಾರ ನನಗೊಂದು ಮಾಡಿಕೊಡು. ಆಗಸ್ಟ್ ಹದಿನೈದಕ್ಕ ಸಾಲ್ಯಾಗ ವೇಷದ ಸ್ಪರ್ಧಾ ಅದ. ಇದನ್ನ ಹಾಕ್ಕೊಂಡು ಹೋಗ್ತೇನಿ."

"ಮರುದಿನ?"

"ಮರುದಿನದ್ದು ಮರುದಿನ ನೋಡೋಣ," ಎಂದಳು. ಅದು ಶಶಿಕಲಾಳ ಮಾತಿನ ಧಾಟಿ. ನಾನು ಸರಿ ಎಂದುಬಿಟ್ಟೆ. ಒಮ್ಮೆ ಶಾಲೆಯ ಬಾಗಿಲು ದಾಟಿದರೆ ಮುಂದಿನದು ತಾನಾಗಿ ಆದೀತು ಎಂದು ಶಶಿಕಲಾ ಕಣ್ಣಿನಲ್ಲೇ ಹೇಳಿದಳು. ದಾಟದಿದ್ದರೆ ಮುಗಿಯಿತು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಇಬ್ಬರ ಮಾತಿನ ಅರ್ಥವೂ ಒಂದೇ ಆಗಿತ್ತು. ಹುಡುಗಿಯ ಓದು ಈಗ ನನ್ನ ಕೈಗಳ ಮೇಲೆ ನಿಂತಿತ್ತು, ಮತ್ತು ಆ ಕೈಗಳ ಯೋಗ್ಯತೆ ಏನೆಂದು ನಾನಾಗಲೇ ಹೇಳಿದ್ದೇನೆ.

ಮನೆಯಲ್ಲಿರುವ ಪಾತ್ರೆ ಪಡಗಗಳನ್ನು ಮನುಷ್ಯನ ತಲೆಯ ದೃಷ್ಟಿಯಿಂದ ನೀವು ಎಂದಾದರೂ ನೋಡಿದ್ದೀರೋ ಇಲ್ಲವೋ. ನೋಡಬಾರದು. ನೋಡಿದರೆ ಸಂಸಾರದ ಮೇಲೆ ಜಿಗುಪ್ಸೆ ಬರುತ್ತದೆ. ಅಡುಗೆಮನೆಯ ಒಂದು ಸಾಮಾನಿಗೂ ತಲೆಯ ಅಳತೆ ಇಲ್ಲ. ತಾಮ್ರದ ಕೊಡ ಮೊದಲು ಕಣ್ಣಿಗೆ ಬಿತ್ತು. ಹೊಟ್ಟೆ ಸರಿಯಾಗಿದೆ, ಕುತ್ತಿಗೆ ಕಿರಿದು. ನನ್ನ ತಲೆಯ ಮೇಲಿಟ್ಟು ಪರೀಕ್ಷಿಸಿದೆ, ಕಿವಿಯವರೆಗೂ ಇಳಿಯಲಿಲ್ಲ. ಅನ್ನದ ಬೋಗುಣಿ ಇಳಿಯಿತು, ಆದರೆ ಅದನ್ನು ಹಾಕಿಕೊಂಡಾಗ ಶಶಿಕಲಾ ಸಾರಿನ ಸೌಟು ಹಿಡಿದು ಎದುರಿಗೇ ಬಂದಳು. ನನ್ನನ್ನು ನೋಡಿದಳು, ಏನೂ ಅನ್ನದೆ ತಿರುಗಿ ಹೋದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಏನೂ ಅನ್ನದೆ ಹೋದ ಸಂದರ್ಭಗಳು ಕಡಿಮೆ. ಎಣ್ಣೆಯ ಚೌಕ ಡಬ್ಬಿಯನ್ನು ಕತ್ತರಿಸಲು ಹೋಗಿ ಹೆಬ್ಬೆರಳು ಕುಯ್ದುಕೊಂಡೆ, ಧನುರ್ವಾಯುವಿನ ಸೂಜಿ ಹಾಕಿಸಿಕೊಂಡು ಬಂದೆ. ಕೊನೆಗೆ ನೀರಿನ ಮಣ್ಣಿನ ಗಡಿಗೆಯೊಂದಕ್ಕೆ ಕಿಟಕಿ ಕೊರೆಯಲು ಕುಳಿತಾಗ ಅವ್ವ ಹೊರಗಿನಿಂದ ಬಂದವಳು ಎದೆ ಹಿಡಿದುಕೊಂಡಳು.

"ಏ ಭಾಡ್ಯಾ! ತೂತು ಬಿದ್ದ ಗಡಗಿ ಕೂಸಿನ ತಲಿ ಮ್ಯಾಲ ಇಡಾಕ ನಿಂತೀಯಲ್ಲೋ! ಸಾಯಾಕ ಬಿದ್ದಿದ್ದ ಕೂಸನ್ನ ದೇವ್ರು ಉಳಿಸಿ ಕೊಟ್ಟಾನ, ನೀ ಮತ್ತ ಅಪಶಕುನ ಮಾಡಾಕತ್ತಿ ಏನು?"

ಹೆಣ ಸುಡುವಾಗ ತೂತು ಗಡಿಗೆ ಹೊರುವ ಕ್ರಮ ನಮ್ಮ ಮಂದಿಯಲ್ಲಿ ಇಲ್ಲವೇ ಇಲ್ಲ, ನಾವು ಹೂಳುವವರು ಎಂದು ನಾನು ತರ್ಕ ಹೂಡಿದೆ. ತರ್ಕ ಅರ್ಧ ಮುಗಿಯುವುದರೊಳಗೆ ಗಡಿಗೆ ಅಂಗಳದಲ್ಲಿ ಚೂರಾಗಿತ್ತು. ನಾನು ಕೈ ಚೆಲ್ಲಿ ಕುಳಿತೆ. ಚೀಲಗಳ ಸಂದಿಯಿಂದ ಕಸ್ತೂರಿ ಎಲ್ಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಪ್ಪನಿಂದ ಇಷ್ಟೇ ಆಗುವುದು ಎಂಬ ಸಮಾಧಾನವಿತ್ತು. ಅದು ಸಿಟ್ಟಿಗಿಂತ ಕೆಟ್ಟದು.

ಅವ್ವ ಚೂರುಗಳನ್ನು ಗುಡಿಸುತ್ತಾ ಕೇಳಿದಳು, "ಅದೇನದು ನಿಂದು, ಟೊಪಗಿ? ದುಂಡಗಿರಬೇಕು, ಹಗುರ ಇರಬೇಕು, ಇಷ್ಟ ಹೌದಿಲ್ಲೋ? ಅದಕ್ಯಾಕ ಇಷ್ಟು ಬಡಕೊಳ್ಳಾಕತ್ತಿ? ಬುಟ್ಟಿ ಮಾಡಿದಂಗ ಮಾಡಿದ್ರ ಆತು."

ಕಾಗದದ ಬುಟ್ಟಿ ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರುವ ಕೆಲಸ. ರದ್ದಿ ಪೇಪರನ್ನು ನೀರಲ್ಲಿ ನೆನೆಹಾಕಿ, ಕೊಳೆತ ಮೇಲೆ ನೆನೆದ ಮೆಂತ್ಯದ ಜೊತೆ ಒರಳಿನಲ್ಲಿ ಕುಟ್ಟಿ, ಆ ಮುದ್ದೆಯನ್ನು ಬೋರಲಿಟ್ಟ ಕೊಡದ ಹೊಟ್ಟೆಗೆ ಬಡಿದು ಬಿಸಿಲಿಗಿಟ್ಟರೆ, ಒಣಗಿದ ಮೇಲೆ ಕಳಚಿ ಬರುತ್ತದೆ. ಕಾಳು ಕಡಿ ತುಂಬಿಡಲು ಅದಕ್ಕಿಂತ ಗಟ್ಟಿ ಬುಟ್ಟಿ ಇಲ್ಲ, ನೀರು ತಾಗಬಾರದು ಅಷ್ಟೆ. ಅವ್ವ ಆ ದಿನವೇ ದೊಡ್ಡ ಬೋಗುಣಿಯಲ್ಲಿ ಪೇಪರು ನೆನೆಹಾಕಿದಳು. ದೇಶದ ರಾಜಕಾರಣ, ಕ್ರಿಕೆಟ್ಟು, ಕೊಲೆ, ವಧೂವರರ ಜಾಹೀರಾತು, ಎಲ್ಲವೂ ಒಂದೇ ಒರಳಿನಲ್ಲಿ ಬಿದ್ದು ಬೂದು ಬಣ್ಣದ ಮುದ್ದೆಯಾಯಿತು. ಪೇಪರು ಓದುವವರೆಲ್ಲ ಕೊನೆಗೆ ಮುಟ್ಟುವ ತೀರ್ಮಾನವೂ ಅದೇ ಎಂದು ನನಗನ್ನಿಸಿತು. ಎರಡನೆಯ ದಿನ, ಅಳತೆ ನೋಡಲೆಂದು ಅಂತರಿಕ್ಷಯಾನಿಯ ಫೋಟೋ ಹುಡುಕಿದರೆ ಇಲ್ಲ. ಅವ್ವ ಅದನ್ನೂ ಕುಟ್ಟಿಬಿಟ್ಟಿದ್ದಳು. "ಹ್ಯಾಂಗಿದ್ರೂ ಅಂವ ಟೊಪಗಿ ಒಳಗ ಇರಬೇಕಾದಂವ, ಒಳಗ ಅದಾನ ಬಿಡು," ಎಂದಳು. ಆ ಮೇಲಿನ ಕೆಲಸವೆಲ್ಲ ಕಸ್ತೂರಿಯ ನೆನಪಿನ ಮೇಲೆಯೇ ನಡೆಯಿತು. ಅವಳಿಗೆ ಪ್ರತಿಯೊಂದು ಗೆರೆಯೂ ನೆನಪಿತ್ತು.

ಮಳೆ ಇಲ್ಲದ ವರ್ಷದ ಒಂದೇ ಲಾಭವೆಂದರೆ ಹಚ್ಚಿದ್ದು ಬೇಗ ಒಣಗುತ್ತದೆ. ಕೊಡದಿಂದ ಬುಟ್ಟಿ ಕಳಚಿ ಬಂತು. ಕಸ್ತೂರಿಯ ತಲೆಗೆ ಹಾಕಿದರೆ ಭುಜದವರೆಗೆ ಇಳಿದು ಕುಳಿತಿತು. ಒಳಗಿನಿಂದ ದನಿ ಬಂತು, "ಮೆಂತ್ಯದ ವಾಸನಿ ಬರಾಕತ್ತೈತಿ." ಶಶಿಕಲಾ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಬುಟ್ಟಿಯೊಳಗಿಂದ ಕಸ್ತೂರಿ ನಗುತ್ತಿದ್ದುದು ನಮಗೆ ಕೇಳಿಸುತ್ತಿತ್ತು. ಬೇಸಿಗೆಯಿಂದ ಆ ಮನೆಯಲ್ಲಿ ಕೇಳದ ಸದ್ದು ಅದು.

ಇನ್ನು ಕಿಟಕಿ. ಗಾಜು ಹಾಕುವಂತಿಲ್ಲ, ಪ್ಲಾಸ್ಟಿಕ್ಕಿನ ಚೀಲ ಹಾಕಿದರೆ ಉಸಿರಿಗೆ ಅಂಟುತ್ತದೆ. ಪೆಟ್ಟಿಗೆಯ ತಳದಲ್ಲಿ ನನ್ನ ಅಪ್ಪನ ಎಕ್ಸ್‌ರೇ ಇತ್ತು. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಎದೆಯ ರೋಗ. ದೊಡ್ಡ ದವಾಖಾನೆಯಲ್ಲಿ ತೆಗೆಸಿದ ಆ ಎಕ್ಸ್‌ರೇಯನ್ನು ಏಕೆ ಇಟ್ಟುಕೊಂಡಿದ್ದೆವೋ ಗೊತ್ತಿಲ್ಲ. ಅಪ್ಪನ ಫೋಟೋ ಎಂದು ಮನೆಯಲ್ಲಿ ಬೇರೊಂದು ಇರಲಿಲ್ಲ ಎಂಬುದೂ ಒಂದು ಕಾರಣವಿರಬಹುದು. ಅದನ್ನು ಬಿಸಿನೀರು, ಸೋಡಾ ಹಾಕಿ ತಿಕ್ಕಿದರೆ ಕರಿ ಬಣ್ಣ ಹೋಗಿ ತಿಳಿ ನೀಲಿ ಹಾಳೆ ಉಳಿಯುತ್ತದೆ ಎಂದು ದಫ್ತರದಲ್ಲಿ ಯಾರೋ ಹೇಳಿದ್ದರು. ಅವ್ವನನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವಳೇ ಬಂದು ನೋಡಿದಳು, ಒಂದು ಗಳಿಗೆ ಎಲುಬುಗಳ ಮೇಲೆ ಕೈಯಾಡಿಸಿದಳು. "ಇರೂತನಾ ಆ ಎದಿಯೊಳಗ ಹೊಗಿ ತುಂಬ್ಕೊಂಡ. ಈಗರ ತೊಳದು ಸ್ವಚ್ಛ ಮಾಡು," ಎಂದು ಎದ್ದು ಹೋದಳು. ನಾನು ಅಂಗಳದಲ್ಲಿ ಕುಳಿತು ಅಪ್ಪನ ಎದೆಯನ್ನು ತೊಳೆದೆ. ಎಷ್ಟು ತಿಕ್ಕಿದರೂ ಎಡಗಡೆಯ ಎರಡು ಎಲುಬುಗಳು ಮಸುಕಾಗಿ ಉಳಿದವು. ಕಸ್ತೂರಿ ಆ ಹಾಳೆಯ ಮೂಲಕ ಲೋಕವನ್ನು ನೋಡುವಾಗ ಅಜ್ಜನ ಎಲುಬಿನ ಸಂದಿಯಿಂದಲೇ ನೋಡಬೇಕಾಗಿತ್ತು. "ಹೆದರಿಕಿ ಆಗ್ತದೇನವಾ?" ಎಂದು ಕೇಳಿದೆ. "ಇಲ್ಲ, ಎಲ್ಲಾ ನೀಲಿ ಕಾಣ್ತದ. ಮೋಡ ಆದಂಗ," ಎಂದಳು.

ಬೆಳ್ಳಿಯ ಹೊಳಪು ಬರಲು ಸಿಗರೇಟು ಪಾಕೀಟಿನೊಳಗಿನ ಬೇಗಡೆ ಬೇಕಾಯಿತು. ನಾನು ಸೇದುವವನಲ್ಲ. ದಫ್ತರದ ಜವಾನ ಕಾಸಿಂಸಾಬ ಊರಿನ ಪಾನಪಟ್ಟಿ ಅಂಗಡಿಗಳನ್ನೆಲ್ಲ ತಿರುಗಿ ಒಂದು ಕೈಚೀಲದ ತುಂಬ ತಂದುಕೊಟ್ಟ. "ಸಾಹೇಬ್ರ, ಬೇಟಿ ಆಸ್ಮಾನಕ್ಕ ಹೋಗ್ತಾಳಂದ್ರ ಊರ ಮಂದಿ ಸೇದಿದ್ದು ಸಾರ್ಥಕ ಆತು ನೋಡ್ರಿ," ಎಂದ. ಗೋಧಿ ಅಂಟಿನಲ್ಲಿ ಬೇಗಡೆ ಅಂಟಿಸಿದೆ. ಇದೊಂದು ಕೆಲಸ ನನಗೆ ಕೈಗೂಡಿತು. ಆ ಸಂಭ್ರಮದಲ್ಲಿ ನಾನು ಇನ್ನೊಂದಕ್ಕೆ ಕೈ ಹಾಕಿದೆ. ರೇಡಿಯೋ ಸುದ್ದಿ ಕಳಿಸಲು ಹೆಲ್ಮೆಟ್ಟಿನ ಮೇಲೊಂದು ಏರಿಯಲ್ ಬೇಕೆಂದು ಕಸ್ತೂರಿ ಹೇಳಿದ್ದಳು. ಹರಿದ ಛತ್ರಿಯ ಕಡ್ಡಿಗಳನ್ನು ಸಿಕ್ಕಿಸಿದರೆ ಕಾಗದದಲ್ಲಿ ಅವು ನಿಲ್ಲಲಿಲ್ಲ. ಆಗ ಎರೆಮಣ್ಣಿನ ಮುದ್ದೆಯೊಂದನ್ನು ನೆತ್ತಿಯ ಮೇಲೆ ಮೆತ್ತಿ, ಅದರಲ್ಲಿ ಕಡ್ಡಿಗಳನ್ನು ನೆಟ್ಟೆ. ನಮ್ಮ ಎರೆಮಣ್ಣು ಹಿಡಿದರೆ ಬಿಡುವುದಿಲ್ಲ. ಮುದ್ದೆಗೆ ಸ್ವಲ್ಪ ಮೂಗು ಬಾಯಿ ಬಂದಂತೆ ಕಾಣುತ್ತಿತ್ತು, ನನ್ನ ಬೆರಳಿನ ಗುಣ, ನಾನು ಲಕ್ಷ್ಯ ಕೊಡಲಿಲ್ಲ. ಕಡ್ಡಿಗಳಿಗೆ ಹಸಿರು ದಾರ ಸುತ್ತಿದೆ. ಹಸಿರು ದಾರವೇ ಏಕೆ ಎಂದರೆ ಮನೆಯಲ್ಲಿದ್ದುದು ಅದೊಂದೇ.

ನಮ್ಮ ಕಡೆಯವರಿಗೆ ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಬೇರೆ ಕಡೆಯವರಿಗೆ ಹೇಳಬೇಕು. ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಗುರ್ಜಿ ಹೊರಡಿಸುತ್ತಾರೆ. ಒಬ್ಬ ಹುಡುಗನ ತಲೆಯ ಮೇಲೆ ರೊಟ್ಟಿಯ ಹಂಚು ಬೋರಲಿಟ್ಟು, ಹಂಚಿನ ಮೇಲೆ ಮಣ್ಣಿನ ಗೊಂಬೆ ಮಾಡಿ, ಅದಕ್ಕೆ ಹಸಿರು ಗರಿಕೆ ಸಿಕ್ಕಿಸಿ ಓಣಿ ಓಣಿ ತಿರುಗಿಸುತ್ತಾರೆ. ಹಿಂದೆ ಮಕ್ಕಳ ದಂಡು ಮಳೆಯನ್ನು ಕರೆಯುತ್ತಾ ಹಾಡುತ್ತದೆ. ಬಾಗಿಲಿಗೆ ಬಂದ ಗುರ್ಜಿಯ ತಲೆಗೆ ಮನೆಯಾಕೆ ಕೊಡ ನೀರು ಸುರಿಯಬೇಕು, ಗುರ್ಜಿ ಗಿರಗಿರ ತಿರುಗಬೇಕು, ಆಮೇಲೆ ಮೊರದ ತುಂಬ ಜೋಳ ನೀಡಿ ಕೈ ಮುಗಿದು ಕಳಿಸಬೇಕು. ಬಾವಿಯ ತಳದಲ್ಲಿ ತಂಬಿಗೆ ನೀರಿದ್ದರೂ ಗುರ್ಜಿಗೆ ಇಲ್ಲ ಎನ್ನುವಂತಿಲ್ಲ. ಆ ವರ್ಷ ನಮ್ಮ ಓಣಿಯಿಂದ ಗುರ್ಜಿ ಇನ್ನೂ ಹೊರಟಿರಲಿಲ್ಲ, ಏಕೆಂದರೆ ಯಾವಾಗಲೂ ಗುರ್ಜಿಯಾಗುತ್ತಿದ್ದವನಿಗೆ ಮೀಸೆ ಬಂದಿತ್ತು. ಹೊಸ ಗುರ್ಜಿಯನ್ನು ಗೊತ್ತುಮಾಡಿ ರಜೆಯ ದಿನ ಮುಂಜಾನೆ ಹೊರಡಿಸುವುದು ಎಂದು ಓಣಿಯ ಹೆಂಗಸರು ಮಾತಾಡಿಕೊಂಡಿದ್ದರು. ರಜೆಯ ದಿನವೆಂದರೆ ಆಗಸ್ಟ್ ಹದಿನೈದು. ಈ ಮಾತು ನನ್ನ ಕಿವಿಗೂ ಬಿದ್ದಿತ್ತು. ಕೇಡೆಲ್ಲವೂ ಮೊದಲೇ ಕಾಣುವ ನನಗೆ, ದಾರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬರುವುದು ಕಂಡಿತ್ತು, ಲಾರಿಯ ಗಾಳಿಗೆ ಹೆಲ್ಮೆಟ್ ಹಾರುವುದು ಕಂಡಿತ್ತು, ಒಳಗೆ ಉಸಿರು ಕಟ್ಟುವುದು ಕಂಡಿತ್ತು. ಇದು ಮಾತ್ರ ಕಾಣಲಿಲ್ಲ.

ಆಗಸ್ಟ್ ಹದಿನೈದರ ಮುಂಜಾನೆ ಕಸ್ತೂರಿ ನನ್ನ ಬಿಳಿ ಪಾಯಿಜಾಮವನ್ನು ಕತ್ತರಿಸಿ ಹೊಲಿದ ಉಡುಪು ಹಾಕಿಕೊಂಡು, ಬೆನ್ನಿಗೆ ಹಿಟ್ಟಿನ ಡಬ್ಬಿ ಕಟ್ಟಿಕೊಂಡು, ಹೆಲ್ಮೆಟ್ ಧರಿಸಿ ಹೊಸ್ತಿಲು ದಾಟಿದಳು. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದೆ ಹೊರಟೆ. ಅವ್ವ, ಶಶಿಕಲಾ ಬಾಗಿಲಲ್ಲಿ ನಿಂತರು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಓಣಿಯ ಮಕ್ಕಳು ಕೂಡಿದರು. ಬೆಳ್ಳಿಯ ಹಾಗೆ ಹೊಳೆಯುವ ದುಂಡನೆಯ ತಲೆ, ಅದರ ಮೇಲೆ ಮಣ್ಣಿನ ಗೊಂಬೆ, ಗೊಂಬೆಗೆ ಹಸಿರು ಕಡ್ಡಿ. ಅವರಿಗೆ ಅನುಮಾನ ಬರಲು ಏನೂ ಕಾರಣವಿರಲಿಲ್ಲ. ಹಾಡು ಶುರುವಾಯಿತು. ಹಾಡಿಗೆ ಬಾಗಿಲುಗಳು ತೆರೆದವು.

ಮೊದಲ ಮನೆ ಭಾಗಮ್ಮ ಆಯಿಯದು. ಓಣಿಗೆಲ್ಲ ಹಿರಿಯಳು, ಕಣ್ಣು ಮಂಜು. ತುಂಬಿದ ಕೊಡ ಮುಂಜಾನೆಯಿಂದ ಕಟ್ಟೆಯ ಮೇಲೆ ಕಾದಿತ್ತು. "ಬಾರಪ್ಪಾ ಗುರ್ಜಿ, ಈ ಸಲ ಬೆಳ್ಳಿ ಹಂಚು ಹೊತ್ತು ಬಂದೀಯಲ್ಲೋ!" ಎಂದವಳೇ ಕೊಡ ಎತ್ತಿದಳು. "ಆಯಿ, ಬ್ಯಾಡ್ರಿ, ಅದು ಗುರ್ಜಿ ಅಲ್ರಿ, ಅದು ಅಂತರಿಕ್ಷ..." ಎಂದು ನಾನು ಕೂಗಿದೆ. ಅಂತರಿಕ್ಷ ಎನ್ನುವ ಮಾತು ಕೊಡ ನೀರಿನಷ್ಟು ವೇಗವಾಗಿ ಹೋಗುವುದಿಲ್ಲ. ನೀರು ಸುರಿಯಿತು. ಎದುರು ಮನೆಯಾಕೆ ಇನ್ನೊಂದು ಕೊಡ ತಂದಳು, ಪಕ್ಕದ ಮನೆಯಾಕೆ ತಾಮ್ರದ ಹಂಡೆಯನ್ನೇ ತಂದಳು. ಎರೆಮಣ್ಣು ಕರಗಿ ಬೇಗಡೆಯ ಮೇಲೆ ಕಪ್ಪಗೆ ಇಳಿಯಿತು. ಛತ್ರಿಯ ಕಡ್ಡಿಗಳು ಒಂದೊಂದಾಗಿ ಬಾಗಿದವು. ಆಮೇಲೆ ಅವ್ವನ ಬುಟ್ಟಿ ಮೆತ್ತಗಾಯಿತು. ಒಂದು ಕಡೆ ಕುಸಿಯಿತು, ಇನ್ನೊಂದು ಕಡೆ ಕುಸಿಯಿತು, ಓಣಿಯ ತುಂಬ ಮೆಂತ್ಯದ ವಾಸನೆ ಹರಡಿತು. ಒಳಗಿನಿಂದ ಎರಡು ಕೈ ಬಂದು ಆ ಮುದ್ದೆಯನ್ನು ಬಿಡಿಸಿ ಕೆಳಗೆ ಹಾಕಿದವು.

ನನ್ನ ಮಗಳು ಬೋಳು ತಲೆಯಲ್ಲಿ ಓಣಿಯ ನಡುವೆ ನಿಂತಿದ್ದಳು. ಹಾಡು ನಿಂತಿತು. ಆ ಮಕ್ಕಳಲ್ಲಿ ಅವಳ ತರಗತಿಯವರಿದ್ದರು. ಸ್ಕಾರ್ಫ್ ಎಳೆದವರೂ ಇದ್ದಿರಬೇಕು. ಮುಗಿಯಿತು, ಇವಳು ಇನ್ನು ಹೊಸ್ತಿಲು ದಾಟುವುದಿಲ್ಲ ಎಂದುಕೊಂಡೆ. ಬೇರೇನೂ ತೋಚದೆ ಹೆಗಲ ಟವೆಲ್ ಬಿಚ್ಚಿ, ಅವಳ ತಲೆಗೆ ಮುಚ್ಚಲು ಓಡಿದೆ. ಅದೇ ಹೊತ್ತಿಗೆ ಭಾಗಮ್ಮ ಆಯಿ ಎರಡನೆಯ ಕೊಡ ಎತ್ತಿದ್ದಳು. ಆ ನೀರು ಅರ್ಧಕ್ಕಿಂತ ಹೆಚ್ಚು ನನ್ನ ಮೇಲೆ, ನನ್ನ ಟವೆಲ್ಲಿನ ಮೇಲೆ ಬಿತ್ತು.

"ಅಪ್ಪಾ, ಸರಿ ಆ ಕಡೆ," ಎಂದಳು ಕಸ್ತೂರಿ. ನನ್ನ ಕೈಯನ್ನು ತಳ್ಳಿದಳು. "ನೀರು ಹಾಕ್ಲಿ. ತಲಿ ತಂಪಾಗಾಕತ್ತೈತಿ."

ಭಾಗಮ್ಮ ಆಯಿ ಹತ್ತಿರ ಬಂದು, ಮಂಜುಗಣ್ಣಿನಲ್ಲಿ ಬಗ್ಗಿ ನೋಡಿ, ಆ ತಲೆಯನ್ನು ಅಂಗೈಯಿಂದ ಸವರಿದಳು. "ಇದ್ಯಾರ ಕೂಸು ಬೇ? ಅಯ್ಯ, ಜಡ್ಡಾಗಿ ಎದ್ದ ಕೂಸೇನು! ಛಲೋ ಆತು ಬಿಡು. ಹಂಚಿಲ್ಲದಿದ್ರ ಏನಾತು, ನೀರು ನೆಟ್ಟಗ ತಲಿ ಮುಟ್ಟತೈತಿ. ತಿರುಗವಾ, ಗಿರಗಿರ ತಿರುಗು." ಎಂದು ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ವಯಸ್ಸಿನ ಮುದುಕಿ ಬಗ್ಗಿದ್ದು ನೋಡಿ ಮಕ್ಕಳು ಮತ್ತೆ ಹಾಡತೊಡಗಿದರು. ಕಸ್ತೂರಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗಿದಳು. ಅವಳ ತಲೆಯಿಂದ ಹನಿಗಳು ಸುತ್ತ ನಿಂತವರ ಮುಖಕ್ಕೆ ಸಿಡಿದವು. ಅಲ್ಲಿಂದ ಮುಂದಿನ ಬಾಗಿಲಿಗೆ ಹೋದಳು, ಅದರ ಮುಂದಿನದಕ್ಕೂ ಹೋದಳು. ನೀರು ಹಾಕಿಸಿಕೊಳ್ಳುತ್ತಾ, ತಿರುಗುತ್ತಾ, ದಂಡು ಕಟ್ಟಿಕೊಂಡು ಶಾಲೆಯ ಬಾಗಿಲವರೆಗೂ ಹೋಗಿ ಒಳಕ್ಕೆ ನಡೆದುಬಿಟ್ಟಳು. ತಿರುಗಿ ನೋಡಲಿಲ್ಲ. ನಾನು ಹೊರಗೆ ಮುಳ್ಳುಬೇಲಿಯ ಹತ್ತಿರ ಹಸಿ ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅಳು ಬಂತು. ಏಕೆ ಬಂತೆಂದು ಇಂದಿಗೂ ಬಿಡಿಸಿ ಹೇಳಲಾರೆ. ಒಂದೇ ಕಾರಣವಂತೂ ಇರಲಿಲ್ಲ.

ಬಹುಮಾನ ಬರಲಿಲ್ಲ. ಅದು ಒಬ್ಬ ಭಾರತಮಾತೆಗೆ ಹೋಯಿತು. ಇದೇನು ವೇಷ ಎಂದು ಹೆಡ್‌ಮಾಸ್ತರರು ಕೇಳಿದ್ದಕ್ಕೆ, "ಮನಿಯಿಂದ ಹೊಂಟಾಗ ಅಂತರಿಕ್ಷ ಇತ್ರಿ, ಇಲ್ಲಿಗೆ ಬರೂದ್ರಾಗ ಗುರ್ಜಿ ಆತ್ರಿ," ಎಂದಳಂತೆ. ಮರುದಿನ ಶಶಿಕಲಾ ಸ್ಕಾರ್ಫ್ ಹಿಡಿದು ನಿಂತರೆ ಅದನ್ನು ಕಟ್ಟಿಸಿಕೊಳ್ಳದೆಯೇ ಶಾಲೆಗೆ ಹೋದಳು. ಮಕ್ಕಳು ಹಳೆಯ ಬೈಗುಳ ಬಿಟ್ಟು ಗುರ್ಜಿ ಎಂದು ಕರೆಯತೊಡಗಿದರು. ಗುರ್ಜಿಗೆ ಬೈದರೆ ಮಳೆ ಮುನಿಯುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳಿದ್ದರಿಂದ ಆ ಹೆಸರನ್ನು ಸ್ವಲ್ಪ ಹೆದರಿಯೇ ಕರೆಯುತ್ತಿದ್ದರು. ಕೂದಲು ನಿಧಾನವಾಗಿ ಬಂತು. ಬಂದಾಗ ಅವಳು ಅದನ್ನು ಅಷ್ಟೇನೂ ಗಮನಿಸಲಿಲ್ಲ. ಅವ್ವ ಆ ಮುದ್ದೆಗೆ ಇನ್ನೊಂದಿಷ್ಟು ಮೆಂತ್ಯ ಸೇರಿಸಿ ಕುಟ್ಟಿ, ಕಡಲೆ ಹಾಕಿಡಲು ಬುಟ್ಟಿ ಮಾಡಿಕೊಂಡಳು. ಅಪ್ಪನ ಎಕ್ಸ್‌ರೇ ಮತ್ತೆ ಪೆಟ್ಟಿಗೆ ಸೇರಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ. ಆದರೆ ಮಳೆಯ ವಿಚಾರ ಉಳಿದಿದೆ. ಆ ವಾರ ಮೋಡ ಬಂತು. ಹಗಲೇ ಕತ್ತಲಾಯಿತು, ಓಣಿಯವರೆಲ್ಲ ಹೊರಗೆ ಬಂದು ನಿಂತರು, ನಾನೂ ನಿಂತೆ. ಮೋಡ ನಮ್ಮ ತಲೆಯ ಮೇಲೆ ಬಂದು, ಸ್ವಲ್ಪ ಹೊತ್ತು ಗುಡುಗಿ, ಅಫಜಲಪುರದ ಕಡೆ ಹೊರಳಿತು. ಗೊಬ್ಬೂರಿನಲ್ಲಿ ಹಳ್ಳ ಬಂತು, ಸೊನ್ನದ ಕಡೆ ಭೀಮೆ ಕೆಂಪಗೆ ಹರಿಯಿತು ಎಂದು ಬಸ್ಸಿನವರು ಸುದ್ದಿ ತಂದರು. ಜೇವರ್ಗಿಯಲ್ಲಿ ಧೂಳು ಕೂಡ ನೆನೆಯಲಿಲ್ಲ. ಮಾರನೆಯ ದಿನ ನಾನು ದಫ್ತರಕ್ಕೆ ಹೊರಟಾಗ ಭಾಗಮ್ಮ ಆಯಿ ಕಟ್ಟೆಯ ಮೇಲಿಂದ ಕರೆದಳು. ಅವಳಿಗೆ ಕಣ್ಣು ಮಂಜಾದರೂ ನಾನು ಹೋಗುವುದು ಹೇಗೋ ತಿಳಿಯುತ್ತಿತ್ತು.

"ಸಾಹೇಬ್ರ, ಕೂಸಿಂದೇನೂ ತಪ್ಪಿಲ್ರಿ. ಅದು ಖರೇ ಗುರ್ಜಿ. ನಡುವ ಟವಾಲ ಹಿಡಕೊಂಡು ನೀವ್ಯಾಕ ಬಂದ್ರಿ? ಗುರ್ಜಿ ನೀರು ನಿಮ್ಮ ಟವಾಲ ಕುಡೀತು, ನಮ್ಮ ಮಳಿ ಗೊಬ್ಬೂರ ಕುಡೀತು."

ಸಂಜೆಯೊಳಗೆ ಆ ಮಾತು ಪ್ಯಾಟೆಯವರೆಗೆ ಮುಟ್ಟಿತು. ಕಾಸಿಂಸಾಬ ಮಾತ್ರ, "ಬಿಡ್ರಿ ಸಾಹೇಬ್ರ, ಗೊಬ್ಬೂರದವ್ರೂ ನಮ್ಮವ್ರೇ," ಎಂದು ಸಮಾಧಾನ ಹೇಳಿದ. ಬೇರೆ ಯಾರೂ ಹೇಳಲಿಲ್ಲ. ಆಮೇಲೆ ನನಗೆ ಆಳಂದಕ್ಕೆ ವರ್ಗವಾಯಿತು. ಅಲ್ಲಿ ಮೊದಲ ವರ್ಷ ಮಳೆ ತಡವಾದಾಗ, ಜೇವರ್ಗಿಯಿಂದ ಬಂದವರೇನು ಎಂದು ಮನೆಯ ಮಾಲೀಕರು ಒಂದು ಥರಾ ದನಿಯಲ್ಲಿ ಕೇಳಿದರು. ಕಸ್ತೂರಿ ಈಗ ಕಾಲೇಜಿನಲ್ಲಿದ್ದಾಳೆ, ವಿಜ್ಞಾನ ಓದುತ್ತಾಳೆ. ಮೋಡ, ಗಾಳಿಯ ಒತ್ತಡ, ಆವಿ ಎಂದೆಲ್ಲ ನನಗೆ ತಿಳಿಸಿ ಹೇಳುತ್ತಾಳೆ. ಹೇಳಿ ಮುಗಿಸಿದ ಮೇಲೆ ಒಂದು ಸಲ ನಾನೇ ಧೈರ್ಯ ಮಾಡಿ ಕೇಳಿದೆ, ಹಾಗಾದರೆ ಆ ವರ್ಷದ್ದು ನನ್ನ ತಪ್ಪಲ್ಲವಲ್ಲ ಎಂದು. ಅವಳು ಜಡೆಯನ್ನು ಹಿಂದಕ್ಕೆ ಹಾಕಿಕೊಂಡಳು.

"ವಿಜ್ಞಾನದ ಪ್ರಕಾರ ಅಲ್ಲಪ್ಪಾ," ಎಂದಳು. "ಆದ್ರ ನೀ ಆ ದಿನ ನಡುವ ಬರಬಾರದಿತ್ತು."